ಪಾದಕ್ಕೆ ಬೆನ್ನು ಮಾಡಿ ತೆಗೆದ ಚಿತ್ರ

ಶ್ರೀಲಂಕಾಕ್ಕೆ ಹೋಗಿ ಬಂದವರ ಬಳಿ ಶ್ರೀಪಾದ ಬೆಟ್ಟದ ಎರಡು ಚಿತ್ರಗಳು ಇದ್ದೇ ಇರುತ್ತವೆ. ಒಂದು, ಮೋಡಗಳ ಮೇಲೆ ಏಳುತ್ತಿರುವ ಸೂರ್ಯ. ಇನ್ನೊಂದು, ಪಶ್ಚಿಮದ ಕಣಿವೆಗಳ ಮೇಲೆ ಕತ್ತರಿಸಿಟ್ಟಂತೆ ಬಿದ್ದಿರುವ ಬೆಟ್ಟದ ತ್ರಿಕೋನ ನೆರಳು. ಹಿಂದೆ ಆಲ್ಬಮ್ ಇತ್ತು, ಈಗ ಮೊಬೈಲ್ ಇದೆ. ಚಿತ್ರಗಳು ಮಾತ್ರ ಅವೇ. ನಾವೂ ಇವೇ ಎರಡನ್ನು ತೆಗೆದುಕೊಂಡು ಬಂದವರು. ಹಾಗಾಗಿ ಈ ಬರೆಹ ಬೇರೆಯವರ ಮೇಲಿನ ದೂರಲ್ಲ. ನಮ್ಮದೇ ಕ್ಯಾಮರಾದ ಮೇಲಿನ ತಕರಾರು.

2,243 ಮೀಟರ್ ಎತ್ತರದ ಈ ಬೆಟ್ಟ ಶ್ರೀಲಂಕಾದ ಅತಿ ಎತ್ತರದ ಬೆಟ್ಟವೇನಲ್ಲ. ಜನ ಅದನ್ನು ಹತ್ತುವುದು ನೆತ್ತಿಯ ಬಂಡೆಯ ಮೇಲಿರುವ ಒಂದು ಹೆಜ್ಜೆ ಗುರುತಿಗಾಗಿ. ಬೌದ್ಧರಿಗೆ ಅದು ಬುದ್ಧನ ಪಾದ. ತಮಿಳು ಹಿಂದೂಗಳಿಗೆ ಶಿವನ ಪಾದ. ಮುಸಲ್ಮಾನರ ಪರಂಪರೆಯಲ್ಲಿ ಸ್ವರ್ಗದಿಂದ ಇಳಿದ ಹಜರತ್ ಆದಮರು ಕಾಲಿಟ್ಟ ನೆಲ. ಸಂತ ಥಾಮಸರ ಹೆಜ್ಜೆ ಎನ್ನುವ ಕ್ರೈಸ್ತರೂ ಇದ್ದಾರೆ. ಆದಮರು ಇಳಿದ ಜಾಗದ ಹೆಸರನ್ನು ಕುರ್‌ಆನ್ ಹೇಳುವುದಿಲ್ಲ. ಸರಂದೀಪದ ಕತೆ ನಮಗೆ ಬಂದದ್ದು ತಬರಿಯಂಥ ಇತಿಹಾಸಕಾರರಿಂದ, ಅರಬ್ ನಾವಿಕರಿಂದ. ಉರ್ದು ಕಲಿಸುತ್ತಿದ್ದ ಉಸ್ತಾದರು ‘ಸರಂದೀಪ್’ ಎನ್ನುತ್ತಿದ್ದರು, ಕನ್ನಡ ಮೇಷ್ಟ್ರು ‘ಸಿಂಹಳ’ ಎನ್ನುತ್ತಿದ್ದರು. ಎರಡೂ ಒಂದೇ ದ್ವೀಪ ಎಂದು ತಿಳಿಯಲು ನಮಗೆ ಕೆಲವು ವರ್ಷಗಳೇ ಬೇಕಾದವು.

ಯಾತ್ರೆಯ ಕಾಲ ಡಿಸೆಂಬರ್ ಹುಣ್ಣಿಮೆಯಿಂದ ಮೇ ತಿಂಗಳ ವೈಶಾಖ ಹುಣ್ಣಿಮೆಯವರೆಗೆ. ನಾವು ಹ್ಯಾಟನ್ ಕಡೆಯಿಂದ, ಒಂದು ಫೆಬ್ರವರಿಯ ನಡುರಾತ್ರಿ ಹತ್ತಲು ಶುರು ಮಾಡಿದೆವು. ಸುಮಾರು ಐದೂವರೆ ಸಾವಿರ ಮೆಟ್ಟಿಲು. ಮುದುಕಿಯರನ್ನು ಮಕ್ಕಳು ಎರಡೂ ಕಡೆ ಹಿಡಿದು ಹತ್ತಿಸುತ್ತಿದ್ದರು. ಬಿಳಿ ಬಟ್ಟೆಯ ಗುಂಪುಗಳು ‘ಸಾಧು ಸಾಧು’ ಎನ್ನುತ್ತಾ ಮೇಲೇರುತ್ತಿದ್ದವು. ಇಳಿಯುವವರು ಹತ್ತುವವರಿಗೆ ‘ಕರುಣಾವಯಿ’ ಎನ್ನುತ್ತಿದ್ದರು. ಆ ಕರುಣೆ ಯಾವ ಭಾಷೆಯಿಂದ ಬಂತೆಂದು ಕನ್ನಡದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನಾವು ಯಾರು, ಯಾವ ಜಾತಿ ಎಂದು ಕೇಳದೆ ನಮಗೂ ಅದನ್ನೇ ಹೇಳಿದರು.

ನೆತ್ತಿಯ ಪುಟ್ಟ ಗುಡಿಯೊಳಗೆ ಪಾದದ ಫೋಟೋ ತೆಗೆಯುವಂತಿಲ್ಲ. ಅದು ಸರಿಯಾದ ನಿಯಮ ಎಂದೇ ನಮ್ಮ ಅಭಿಪ್ರಾಯ. ಆದರೆ ಅದರಿಂದ ಒಂದು ವಿಚಿತ್ರ ನಡೆಯುತ್ತದೆ. ಬೆಳಕು ಹರಿಯುವ ಹೊತ್ತಿಗೆ ನಮ್ಮಂಥ ಪ್ರವಾಸಿಗಳು ಪಾದಕ್ಕೆ ಬೆನ್ನು ಮಾಡಿ ಪೂರ್ವಕ್ಕೆ ನಿಲ್ಲುತ್ತೇವೆ. ಸೂರ್ಯ ಮೂಡಿದ ಮೇಲೆ ನೆರಳಿಗಾಗಿ ಪಶ್ಚಿಮಕ್ಕೆ ಓಡುತ್ತೇವೆ. ಆಗಲೂ ಬೆನ್ನು ಪಾದಕ್ಕೇ. ಯಾವುದಕ್ಕಾಗಿ ಸಾವಿರ ವರ್ಷಗಳಿಂದ ಜನ ಹತ್ತಿದರೋ ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ಕ್ಯಾಮರಾಕ್ಕೆ ತುಂಬಿಕೊಂಡು ಇಳಿಯುತ್ತೇವೆ.

ಆ ತ್ರಿಕೋನದ ನೆರಳಿನ ಗುಟ್ಟನ್ನೂ ಹೇಳಬೇಕು. ಅದು ಬೆಟ್ಟದ ಆಕಾರವಲ್ಲ. ಎಂಥ ಬೆಟ್ಟದ ತುದಿಯಲ್ಲಿ ನಿಂತು ನೋಡಿದರೂ ದೂರಕ್ಕೆ ಚಾಚಿದ ನೆರಳು ತ್ರಿಕೋನವಾಗಿಯೇ ಕಾಣುತ್ತದೆ. ದೂರಕ್ಕೆ ಹೋದ ರೈಲು ಹಳಿಗಳು ಕೂಡಿದಂತೆ ಕಾಣುವುದಿಲ್ಲವೇ, ಹಾಗೆ. ಬೆಟ್ಟದ ಉಬ್ಬು, ತಗ್ಗು, ಬಿರುಕುಗಳೆಲ್ಲ ಅಳಿಸಿಹೋಗಿ ನುಣುಪಾದ ಒಂದು ಆಕಾರ ಉಳಿಯುತ್ತದೆ. ಪ್ರವಾಸದ ಚಿತ್ರವೂ ಮಾಡುವುದು ಇದನ್ನೇ.

ಕ್ರಿ.ಶ. 1344ರಲ್ಲಿ ಮಾಲ್ಡೀವ್ಸ್‌ನಿಂದ ಬಂದು ಈ ಬೆಟ್ಟ ಹತ್ತಿದ ಇಬ್ನ್ ಬತೂತಾನ ಬರೆಹವನ್ನು ಪಕ್ಕದಲ್ಲಿಟ್ಟು ನೋಡೋಣ. ನಮ್ಮ ಹೊನ್ನಾವರದಲ್ಲಿ ಹೆಣ್ಣುಮಕ್ಕಳ ಶಾಲೆಗಳಿದ್ದುದನ್ನು ಬರೆದಿಟ್ಟವನೂ ಅವನೇ. ತಾನು ಯಾರ ಜೊತೆ ಹತ್ತಿದೆ ಎಂಬುದನ್ನು ಅವನು ಮೊದಲು ಹೇಳುತ್ತಾನೆ: ವರ್ಷವರ್ಷವೂ ಪಾದದ ಯಾತ್ರೆ ಮಾಡುವ ನಾಲ್ವರು ಯೋಗಿಗಳು, ಮೂವರು ಬ್ರಾಹ್ಮಣರು, ರಾಜನ ಹತ್ತು ಜನ, ಸಾಮಾನು ಹೊರುವ ಹದಿನೈದು ಮಂದಿ. ಬಾಬಾನ ದಾರಿ, ಮಾಮಾನ ದಾರಿ, ಅಂದರೆ ಆದಮ್ ಮತ್ತು ಹವ್ವಾರ ಹೆಸರಿನ ಎರಡು ದಾರಿಗಳನ್ನು ವಿವರಿಸುತ್ತಾನೆ. ಬಂಡೆಗೆ ಬಿಗಿದ ಸರಪಳಿಗಳಲ್ಲಿ ಕೊನೆಯದಕ್ಕೆ ಕಲಿಮಾದ ಹೆಸರೇಕೆ ಬಂತು ಎಂದೂ ಹೇಳುತ್ತಾನೆ. ಅಲ್ಲಿಂದ ಕೆಳಗೆ ನೋಡಿದವನ ಬಾಯಲ್ಲಿ ಭಯಕ್ಕೆ ಕಲಿಮಾ ತಾನಾಗಿ ಬರುತ್ತದಂತೆ.

ಅವನನ್ನು ಸೌಹಾರ್ದದ ಸಂತನನ್ನಾಗಿ ಮಾಡಬೇಕಿಲ್ಲ. ಜೊತೆಗೆ ಹತ್ತಿದವರನ್ನೂ ಕಾಫಿರರ ಸಾಲಿಗೇ ಸೇರಿಸುವ ಕಣ್ಣು ಅವನದು. ಆದರೂ ಅವರನ್ನು ಚಿತ್ರದಿಂದ ತೆಗೆದುಹಾಕಲಿಲ್ಲ. ವರ್ಷಗಳ ನಂತರ ಮೊರಾಕ್ಕೊದಲ್ಲಿ ಕುಳಿತು ನೆನಪಿನಿಂದ ಬರೆಸುವಾಗಲೂ ಹೊರೆ ಹೊತ್ತವರ ಲೆಕ್ಕ ತಪ್ಪಲಿಲ್ಲ. ಮುನ್ನೂರು ಚಿತ್ರ ತೆಗೆದ ನಮಗೆ ಜೊತೆಗೆ ಹತ್ತಿದವರು ಎಷ್ಟು ಜನರೆಂಬುದು ಗೊತ್ತಿಲ್ಲ.

ಇಳಿಯುವಾಗ ಚಹದ ಅಂಗಡಿಯೊಂದರಲ್ಲಿ ಕುಳಿತೆವು. ಅಂಗಡಿಯವರು ತೋಟದ ಕಾರ್ಮಿಕರ ಮನೆತನದ ತಮಿಳರು. ಬ್ರಿಟಿಷರು ಹತ್ತೊಂಬತ್ತನೇ ಶತಮಾನದಲ್ಲಿ ಕಾಫಿಗೆ, ಆಮೇಲೆ ಚಹಕ್ಕೆಂದು ದಕ್ಷಿಣ ಭಾರತದಿಂದ ಕರೆತಂದವರ ಸಂತತಿ. 1948ರ ಕಾಯಿದೆ ಇವರಲ್ಲಿ ಲಕ್ಷಾಂತರ ಜನರ ಪೌರತ್ವವನ್ನೇ ಕಿತ್ತುಕೊಂಡಿತು. 1964ರ ಶಾಸ್ತ್ರಿ-ಸಿರಿಮಾವೊ ಒಪ್ಪಂದದ ನಂತರ ಎಷ್ಟೋ ಕುಟುಂಬಗಳನ್ನು ಭಾರತಕ್ಕೆ ಕಳಿಸಲಾಯಿತು.

“ಎಲ್ಲಿಂದ ಬಂದಿರಿ ಅಯ್ಯಾ?” ಎಂದು ಅವರು ತಮಿಳಿನಲ್ಲಿ ಕೇಳಿದರು. ನಮ್ಮ ಹರುಕುಮುರುಕು ತಮಿಳಿನಲ್ಲಿ ಕರ್ನಾಟಕ ಎಂದೆವು.

“ನಮ್ಮ ಚಿಕ್ಕಪ್ಪ ಅಲ್ಲೇ ಹೋದರು. ಸುಳ್ಯ. ರಬ್ಬರ್ ತೋಟ.”

ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ ಹಾಲು ತೆಗೆಯುವ ಈ ಜನರನ್ನು ನಾವು ಎಷ್ಟು ಸಲ ನೋಡಿಲ್ಲ! ಅವರು ಬಿಟ್ಟುಬಂದ ಬೆಟ್ಟ ಇದು ಎಂದು ಒಮ್ಮೆಯೂ ಹೊಳೆದಿರಲಿಲ್ಲ. “ನಮಗೆ ಶಿವನೊಳಿಪಾದಂ, ಸಿಂಹಳದವರಿಗೆ ಶ್ರೀಪಾದ, ನಿಮ್ಮವರಿಗೆ ಬಾವಾ ಆದಂ ಮಲೈ. ಚಹಕ್ಕೆ ಎಲ್ಲರದೂ ಒಂದೇ ರೇಟು” ಎಂದು ನಕ್ಕರು. ಮೊಬೈಲಿನಲ್ಲಿ ಚಿತ್ರ ತೋರಿಸಿದೆವು. ನೋಡಿ ಹೇಳಿದರು: “ಇದರಲ್ಲಿ ಬೆಟ್ಟ ಎಲ್ಲಿದೆ ಅಯ್ಯಾ? ಬೆಟ್ಟ ಬೇಕಾದರೆ ಕೆಳಗಿನಿಂದ ಹಿಡಿಯಬೇಕು.”

ನಮ್ಮ ಚಿತ್ರಗಳ ಬಗ್ಗೆ ಇದಕ್ಕಿಂತ ಒಳ್ಳೆಯ ವಿಮರ್ಶೆ ನಮಗೆ ಸಿಕ್ಕಿಲ್ಲ.

ಇದು ಬರೀ ಫೋಟೋದ ಮಾತಾಗಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. ಇದೇ ರತ್ನಪುರ ಸೀಮೆಯಲ್ಲಿ, ಬಲಂಗೊಡದ ಬಳಿ, ಕೂರಗಲ ಎಂಬ ಇನ್ನೊಂದು ಬೆಟ್ಟವಿದೆ. ಹಜರತ್ ಅಬ್ದುಲ್ ಖಾದರ್ ಜೀಲಾನಿಯವರು ಆದಮರ ಪಾದ ನೋಡಲು ಬಂದಾಗ ಅಲ್ಲಿ ತಪಸ್ಸಿಗೆ ಕುಳಿತರೆಂದು ಮುಸಲ್ಮಾನರ ನಂಬಿಕೆ. ಪ್ರಾಚೀನ ಬೌದ್ಧ ಗುಹೆಗಳೂ ಅಲ್ಲಿವೆ. 2013ರಲ್ಲಿ ಬೌದ್ಧ ಉಗ್ರ ಸಂಘಟನೆಗಳು ಮುಸಲ್ಮಾನರನ್ನು ಅಲ್ಲಿಂದ ತೆರವು ಮಾಡಿಸಲು ಗದ್ದಲವೆಬ್ಬಿಸಿದವು. ಬಾಬಾ ಬುಡನ್‌ಗಿರಿಯ ಕತೆ ಬಲ್ಲ ನಮ್ಮ ಓದುಗರಿಗೆ ಮುಂದಿನದನ್ನು ಬಿಡಿಸಿ ಹೇಳಬೇಕಿಲ್ಲ. ತಪ್ಪು ಒಂದೇ ಕಡೆಯದಲ್ಲ. 2019ರ ಈಸ್ಟರ್ ದಿನ ಚರ್ಚುಗಳಲ್ಲಿ ಬಾಂಬು ಸಿಡಿಸಿದವರು ನಮ್ಮ ಹೆಸರಿನವರೇ. ಬಾಬಾ ಆದಮರ ಬೆಟ್ಟಕ್ಕೆ ಹೋದೆವೆಂದರೆ ‘ಅದು ಶಿರ್ಕ್ ಅಲ್ಲವೇ?’ ಎಂದು ಹುಬ್ಬೇರಿಸುವ ಹುಡುಗರು ನಮ್ಮ ಮೊಹಲ್ಲಾದಲ್ಲೇ ಇದ್ದಾರೆ. ಹೋಗುವುದನ್ನು ನಾವೇ ನಿಲ್ಲಿಸಿದರೆ ಆ ಹೆಸರನ್ನು ಅಲ್ಲಿ ಯಾರು ಉಳಿಸಬೇಕು?

ಜನರಿಲ್ಲದ ಬೆಟ್ಟದ ಚಿತ್ರ ನೋಡಲು ಚೆಂದ. ಆದರೆ ಜನರಿಲ್ಲದ ಜಾಗವನ್ನು ತನ್ನದೊಬ್ಬನದೇ ಎನ್ನುವುದೂ ಸುಲಭ. ಹಲವು ಹೆಸರುಗಳಿಂದ ಕರೆದು, ಹಲವು ಕಾಲುಗಳು ಸವೆಸಿದ ಮೆಟ್ಟಿಲನ್ನು ತೋರಿಸುವ ಚಿತ್ರ ಇದ್ದರೆ ಅದೊಂದು ಸಾಕ್ಷಿ.

ಮುಂದಿನ ಸಲ ಹೋಗುವವರಲ್ಲಿ ಒಂದು ಕೋರಿಕೆ. ಸೂರ್ಯನ ಚಿತ್ರ ತೆಗೆಯಿರಿ, ಬೇಡವೆನ್ನುವುದಿಲ್ಲ. ಆಮೇಲೆ ಕ್ಯಾಮರಾವನ್ನು ಮೆಟ್ಟಿಲುಗಳ ಕಡೆ ತಿರುಗಿಸಿ, ಹತ್ತುತ್ತಿರುವವರನ್ನು ಕೇಳಿಕೊಂಡು, ಅವರದೂ ಒಂದು ತೆಗೆಯಿರಿ. ಆ ಚಹದ ಅಂಗಡಿಯವರ ಚಿತ್ರ ನಮ್ಮ ಬಳಿ ಇಲ್ಲ. ಮುನ್ನೂರು ತೆಗೆದಿದ್ದರಿಂದ ಅಷ್ಟು ಹೊತ್ತಿಗೆ ಬ್ಯಾಟರಿ ಮುಗಿದಿತ್ತು.