ಬಾಗುವ ವಿದ್ಯುನ್ಮಂಡಲಗಳ ಬಲವಿಜ್ಞಾನ

ಸಿಲಿಕಾನನ್ನು ರಬ್ಬರಿನಂತೆ ಮೆತ್ತಗಾಗಿಸಿದರೆಂಬ ಮಾತು ಈ ಸಂಶೋಧನೆಯ ಸಂಬಂಧದಲ್ಲಿ ಆಗಾಗ ಕೇಳಿಬರುತ್ತದೆ. ಇದನ್ನು ನಾವು ಒಪ್ಪಲಾರೆವು. ಯಂತ್ರಶಾಸ್ತ್ರದ ಪ್ರಾಧ್ಯಾಪಕ ಯೋಂಗ್‌ಗಾಂಗ್ ಹುವಾಂಗ್ ಅವರೂ ಜಾನ್ ರೋಜರ್ಸ್ ಅವರೂ ಸಂಗಡಿಗರೊಡನೆ 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನವನ್ನು ನೋಡಿದರೆ, ಬದಲಾದುದು ವಸ್ತುವಿನ ಗುಣವಲ್ಲ, ಅದರ ಆಕಾರವೆಂಬುದು ತಿಳಿಯುತ್ತದೆ. ಮೊದಲೇ ಎಳೆದು ಹಿಡಿದ ರಬ್ಬರಿನ ಹಾಳೆಗೆ ಸಿಲಿಕಾನಿನ ತೆಳುಪಟ್ಟಿಗಳನ್ನಂಟಿಸಿ ಎಳೆತವನ್ನು ಸಡಿಲಿಸಿದರು. ಪಟ್ಟಿಗಳು ಅಲೆಯಲೆಯಾಗಿ ಸುಕ್ಕಿದವು. ಮತ್ತೆ ಎಳೆದಾಗ ಅಲೆ ಚಪ್ಪಟೆಯಾಗುತ್ತದೆ, ಸಿಲಿಕಾನ್ ಹೆಚ್ಚೇನೂ ಹಿಗ್ಗುವುದಿಲ್ಲ. ಹಿಪ್ಪರಗಿಯ ನೆರೆಯ ರಬಕವಿ–ಬನಹಟ್ಟಿಯ ನೇಕಾರರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಸೀರೆಯ ನೆರಿಗೆ ಬಿಚ್ಚಿದರೆ ನೂಲು ಹಿಗ್ಗುವುದಿಲ್ಲವಷ್ಟೆ.

ಬಾಗುವಿಕೆಯ ಲೆಕ್ಕವೂ ಸರಳವೇ. ಹಾಳೆಯ ದಪ್ಪವನ್ನು ಬಾಗಿನ ತ್ರಿಜ್ಯದ ಇಮ್ಮಡಿಯಿಂದ ಭಾಗಿಸಿದರೆ ಹೊರಮೈಯ ವಿಕೃತಿ, ಎಂದರೆ ಮೂಲ ಉದ್ದಕ್ಕೆ ಹೋಲಿಸಿದ ಹಿಗ್ಗು, ದೊರೆಯುತ್ತದೆ. 0.1 ಮಿ.ಮೀ. ದಪ್ಪದ ಹಾಳೆಯನ್ನು 5 ಮಿ.ಮೀ. ತ್ರಿಜ್ಯಕ್ಕೆ ಬಾಗಿಸಿದರೆ ಅದು ನೂರಕ್ಕೆ 1. ಸಾಮಾನ್ಯ ಸಿಲಿಕಾನ್ ಬಿಲ್ಲೆ ಸುಮಾರು ಅಷ್ಟರಲ್ಲೇ ಒಡೆಯುತ್ತದೆ. ಹೊರಮೈ ಹಿಗ್ಗಿ ಒಳಮೈ ಕುಗ್ಗುವಾಗ ನಡುವೆ ಎರಡೂ ಆಗದ ತಟಸ್ಥ ತಲವೊಂದಿರುತ್ತದೆ. ಮಂಡಲವನ್ನು ಅಲ್ಲಿ ಹುದುಗಿಸುವುದೇ ಜಾಣತನ. ತೊಲೆಯ ಬಾಗುವಿಕೆಯನ್ನು ಕಲಿತ ವಿದ್ಯಾರ್ಥಿ ಇದನ್ನು ತಾನೇ ಸಾಧಿಸಬಲ್ಲ. ನಮ್ಮ ಅಧ್ಯಾಪಕರು ಈ ಉದಾಹರಣೆಯನ್ನು ತರಗತಿಗೆ ತಾರದಿರುವುದು ಸೋಜಿಗವೇ ಸರಿ.

ನಮ್ಮ ಆಕ್ಷೇಪವಿರುವುದು ಬೇರೆಡೆ. ಒಂದೇ ದಿಕ್ಕಿನ ಎಳೆತವನ್ನು ತಾಳಿದ ಮಾತ್ರಕ್ಕೆ ವಸ್ತು ಬಾಳಿಕೆಗೆ ಬಂದಿತೆನ್ನಲಾಗದು. ಉಡುವ ಬಟ್ಟೆ ತಿರುಚಿಕೊಳ್ಳುತ್ತದೆ, ಬೆವರುತ್ತದೆ, ಒಗೆಯುವ ಕಲ್ಲಿಗೂ ಬೀಳುತ್ತದೆ. ಗಡಸು ಬಿಲ್ಲೆಯೂ ಮೆದು ಹಾಳೆಯೂ ಕೂಡುವ ಅಂಚಿನಲ್ಲಿ ಪೀಡನ ಒಟ್ಟುಗೂಡಿ, ತಂತಿ ತುಂಡಾಗುವುದೂ ಪದರ ಕಳಚುವುದೂ ಸಾಮಾನ್ಯವಾಗಿ ಅಲ್ಲೇ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಜೀವ್ ಸಂಬಂದನ್ ಅವರು ತುಂಡಾಗುವುದನ್ನು ತಡೆಯುವ ಬದಲು ತುಂಡಾದುದನ್ನು ಬೆಸೆಯಹೊರಟರು. ವಿದ್ಯುತ್ತನ್ನು ಒಯ್ಯದ ದ್ರವದಲ್ಲಿ ಲೋಹದ ಕಣಗಳನ್ನು ತೇಲಬಿಟ್ಟರೆ, ಬಿರುಕಿನ ಎರಡೂ ದಡಗಳ ನಡುವಿನ ವಿದ್ಯುತ್ ಕ್ಷೇತ್ರವೇ ಅವನ್ನು ಸರಪಣಿಯಾಗಿ ಸೇರಿಸಿ ಸೇತುವೆ ಕಟ್ಟುತ್ತದೆ. ಇದು ನಮಗೆ ಹೆಚ್ಚು ಪ್ರಾಮಾಣಿಕವಾದ ಮಾರ್ಗವೆಂದು ತೋರುತ್ತದೆ, ಸೋಲನ್ನು ಲೆಕ್ಕಕ್ಕೆ ತೆಗೆದುಕೊಂಡು ಹೊರಟಿರುವುದರಿಂದ. ಆದರೂ ಈ ಸೇತುವೆ ತಂತಿಗೆ ಸಲ್ಲುವುದೇ ಹೊರತು ಕಳಚಿದ ಪದರಕ್ಕಾಗಲಿ ಒಡೆದ ಅರೆವಾಹಕಕ್ಕಾಗಲಿ ಅಲ್ಲ. ಸದಾ ಬಾಗುವ ಹಾಳೆಯಲ್ಲಿ ಆ ದ್ರವ ಸೋರದಂತೆ ಮುಚ್ಚುವ ಕೆಲಸವೂ ಮತ್ತೆ ಬಲವಿಜ್ಞಾನದ ಪಾಲಿಗೇ ಬೀಳುತ್ತದೆ.