ಏರದಿರುವುದರ ಔಚಿತ್ಯ: ಉಲುರು ಬಂಡೆಯೂ ಪ್ರವಾಸಿಯ ನಡತೆಯೂ

ಪ್ರವಾಸವು ನಮ್ಮ ಕಾಲದಲ್ಲಿ ದೊಡ್ಡ ಉದ್ಯಮವಾಗಿ ಬೆಳೆದಿರುವುದರಿಂದ ಅದನ್ನು ಕುರಿತ ವಿಮರ್ಶೆಯೂ ಬಹುಮಟ್ಟಿಗೆ ಅನುಕೂಲಗಳ ವಿಮರ್ಶೆಯಾಗಿಯೇ ಉಳಿದಿದೆ. ರಸ್ತೆ ಹೇಗಿದೆ, ವಸತಿ ಹೇಗಿದೆ, ಕೊಟ್ಟ ಹಣಕ್ಕೆ ತಕ್ಕ ನೋಟ ದೊರೆಯಿತೆ ಎಂಬಷ್ಟರಲ್ಲಿ ಮಾತು ಮುಗಿಯುತ್ತದೆ. ನೋಡಹೋದ ಸ್ಥಳವು ಬೇರೊಂದು ಜನರ ಪಾಲಿಗೆ ಪವಿತ್ರವಾಗಿದ್ದರೆ ಅಲ್ಲಿಗೆ ಹೋದವನ ನಡತೆ ಎಂತಿರಬೇಕು ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಆ ಪ್ರಶ್ನೆಯನ್ನು ಇಡೀ ಜಗತ್ತಿನ ಮುಂದೆ ಸ್ಪಷ್ಟವಾಗಿ ಇಟ್ಟ ಸ್ಥಳಗಳಲ್ಲಿ ಆಸ್ಟ್ರೇಲಿಯದ ನಡುಮರುಭೂಮಿಯಲ್ಲಿರುವ ಉಲುರು ಬಂಡೆ ಮುಖ್ಯವಾದುದು. ನಮ್ಮ ಓದುಗರ ಪೈಕಿ ಕೆಲವರ ಮಕ್ಕಳು ಮೊಮ್ಮಕ್ಕಳು ಸಿಡ್ನಿ, ಮೆಲ್ಬರ್ನ್ ನಗರಗಳಲ್ಲಿ ನೆಲೆಸಿದ್ದಾರು. ರಜೆಯಲ್ಲಿ ಅವರನ್ನು ಕಾಣಲು ಹೋದ ಹಿರಿಯರಿಗೆ ಈ ಬಂಡೆಯ ದರ್ಶನದ ಅವಕಾಶವೂ ಒದಗೀತು. ಆದುದರಿಂದ ಈ ವಿಚಾರವು ತೀರ ದೂರದ್ದೇನೂ ಅಲ್ಲ.

ಉಲುರು ಇರುವುದು ನಾರ್ದರ್ನ್ ಟೆರಿಟರಿ ಪ್ರಾಂತದಲ್ಲಿ, ಆಲಿಸ್ ಸ್ಪ್ರಿಂಗ್ಸ್ ಪಟ್ಟಣದಿಂದ ರಸ್ತೆಯಲ್ಲಿ ಸುಮಾರು 450 ಕಿಲೋಮೀಟರ್ ದೂರದಲ್ಲಿ. ಸಮತಟ್ಟಾದ ಕೆಂಪು ಮಣ್ಣಿನ ಬಯಲಿನಿಂದ 348 ಮೀಟರ್ ಎತ್ತರಕ್ಕೆ ಎದ್ದುನಿಂತ ಈ ಮರಳುಗಲ್ಲಿನ ಬಂಡೆಯ ಸುತ್ತಳತೆ 9.4 ಕಿಲೋಮೀಟರ್. ಅದರಲ್ಲಿರುವ ಕಬ್ಬಿಣದ ಅಂಶಕ್ಕೆ ತುಕ್ಕು ಹಿಡಿದು ಹೊರಮೈ ಕೆಂಪೇರಿದೆ. ಸೂರ್ಯೋದಯ ಸೂರ್ಯಾಸ್ತಗಳ ಹೊತ್ತಿನಲ್ಲಿ ಆ ಕೆಂಪು ಗಳಿಗೆಗಳಿಗೆಗೂ ಬದಲಾಗುತ್ತದೆ. ಪ್ರವಾಸಿಗೆ ಕಾಣುವುದು ಇಷ್ಟು. ಅಲ್ಲಿನ ಮೂಲನಿವಾಸಿಗಳಾದ ಅನಂಗು ಜನರಿಗೆ ಕಾಣುವುದು ಬೇರೆ. ಪಿಟ್ಜಂಟ್ಜಾಟ್ಜಾರ, ಯಂಕುನಿಟ್ಜಾಟ್ಜಾರ ಭಾಷೆಗಳನ್ನಾಡುವ ಈ ಜನರ ಬದುಕನ್ನು ಆಳುವುದು ‘ತ್ಜುಕುರ್ಪ’. ಈ ಒಂದು ಪದದಲ್ಲಿ ಸೃಷ್ಟಿಯ ಕಥನ, ಪೂರ್ವಿಕರ ಸಂಚಾರ, ಸಮಾಜದ ಕಟ್ಟಳೆ, ನೆಲದೊಡನೆ ನಡೆದುಕೊಳ್ಳಬೇಕಾದ ರೀತಿ ಎಲ್ಲವೂ ಅಡಗಿವೆ. ಬಂಡೆಯ ಬಿರುಕು, ಗುಹೆ, ಕಲೆ, ನೀರಿನ ಹೊಂಡ ಇವುಗಳಲ್ಲಿ ಪೂರ್ವಿಕರ ಕೃತ್ಯಗಳ ಗುರುತನ್ನು ಅವರು ಓದುತ್ತಾರೆ. ಅಕ್ಷರದಲ್ಲಿ ಬರೆದ ಗ್ರಂಥವುಳ್ಳವರು ಗ್ರಂಥಕ್ಕೆ ಕೊಡುವ ಸ್ಥಾನವನ್ನು ಅವರು ಆ ನೆಲಕ್ಕೇ ಕೊಟ್ಟಿದ್ದಾರೆ.

ಹೊರಗಿನವರಿಗೆ ಹೇಳಲೆಂದು ಅವರೇ ಒಪ್ಪಿ ತೆರೆದಿಟ್ಟ ಕಥೆಗಳಲ್ಲಿ ಮಾಲಾ ಜನರ ಕಥೆಯೊಂದಿದೆ. ಮಾಲಾ ಎಂಬುದು ಮೊಲದಷ್ಟು ಗಾತ್ರದ, ಕಾಂಗರೂ ಜಾತಿಗೆ ಸೇರಿದ ಪುಟ್ಟ ಪ್ರಾಣಿ. ಆ ಹೆಸರಿನ ಪೂರ್ವಿಕರು ಉತ್ತರದಿಂದ ಬಂದು ಉಲುರುವಿನಲ್ಲಿ ಒಂದು ವಿಧಿಯನ್ನು ಆರಂಭಿಸಿದರು. ಪಶ್ಚಿಮದಿಂದ ಬಂದ ವಿಂಟಲ್ಕ ಜನರು ತಮ್ಮ ವಿಧಿಗೆ ಬರಬೇಕೆಂದು ಕರೆದಾಗ, ತೊಡಗಿದ ವಿಧಿಯನ್ನು ನಡುವೆ ಬಿಡಲಾಗದೆಂದು ಮಾಲಾ ಜನರು ನಿರಾಕರಿಸಿದರು. ಮುನಿದ ವಿಂಟಲ್ಕರು ಕುರ್ಪಾನಿ ಎಂಬ ಭೀಕರ ನಾಯಿಯನ್ನು ಸೃಷ್ಟಿಸಿ ಕಳುಹಿಸಿದರು. ಮಿಂಚುಳ್ಳಿ ಹೆಣ್ಣು ಎಚ್ಚರಿಕೆ ಕೊಟ್ಟರೂ ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ; ಅನಾಹುತ ನಡೆದುಹೋಯಿತು. ತೊಡಗಿದ್ದನ್ನು ಮುಗಿಸಬೇಕು, ಎಚ್ಚರಿಕೆಯ ಮಾತನ್ನು ಆಲಿಸಬೇಕು ಎಂಬ ಪಾಠವನ್ನು ಈ ಕಥೆ ಅನಂಗು ಮಕ್ಕಳಿಗೆ ಕಲಿಸುತ್ತದೆ. ಪ್ರವಾಸಿಗರು ದಶಕಗಳ ಕಾಲ ಬಂಡೆಯನ್ನು ಏರಿದ ದಾರಿಯು ಆ ಮಾಲಾ ಪುರುಷರು ಏರಿದ ದಾರಿಯೇ ಆಗಿತ್ತೆಂಬುದನ್ನು ಇಲ್ಲಿ ನೆನಪಿಡಬೇಕು.

ಇನ್ನು ಇತಿಹಾಸದ ಮಾತು. 1873ರಲ್ಲಿ ವಿಲಿಯಂ ಗಾಸ್ ಎಂಬ ಸರ್ವೇಕ್ಷಕನು ಈ ಬಂಡೆಯನ್ನು ಕಂಡು ದಕ್ಷಿಣ ಆಸ್ಟ್ರೇಲಿಯದ ಆಡಳಿತಗಾರನಾಗಿದ್ದ ಹೆನ್ರಿ ಏಯರ್ಸ್‌ನ ಹೆಸರನ್ನು ಅದಕ್ಕೆ ಇಟ್ಟನು. ಒಬ್ಬ ಒಂಟೆ ನಡೆಸುವವನನ್ನು ಜೊತೆಗೆ ಕರೆದುಕೊಂಡು ಅದನ್ನು ಏರಿಯೂ ಬಿಟ್ಟನು. ಸಾವಿರಾರು ವರ್ಷಗಳಿಂದ ಹೆಸರಿದ್ದ ಸ್ಥಳಕ್ಕೆ ಹೊಸ ಹೆಸರನ್ನಿಡುವುದು, ಇಟ್ಟ ಕೂಡಲೆ ಅದರ ನೆತ್ತಿಯ ಮೇಲೆ ನಿಲ್ಲುವುದು, ಇವೆರಡೂ ಒಂದೇ ಮನೋಧರ್ಮದ ಎರಡು ಮುಖಗಳು. ಮುಂದೆ 1920ರಲ್ಲಿ ಮೂಲನಿವಾಸಿಗಳಿಗೆಂದು ಕಾಯ್ದಿರಿಸಿದ ಪ್ರದೇಶದೊಳಗೆ ಸೇರಿದ್ದ ಈ ನೆಲವನ್ನು 1958ರಲ್ಲಿ ಅದರಿಂದ ಬೇರ್ಪಡಿಸಿ ರಾಷ್ಟ್ರೀಯ ಉದ್ಯಾನವನ್ನಾಗಿ ಮಾಡಲಾಯಿತು. ಅದರ ಮುಖ್ಯ ಉದ್ದೇಶ ಪ್ರವಾಸೋದ್ಯಮ. 1964ರಲ್ಲಿ ಏರುವವರು ಹಿಡಿದುಕೊಳ್ಳಲೆಂದು ಬಂಡೆಗೆ ಕಂಬಗಳನ್ನು ನೆಟ್ಟು ಸರಪಳಿ ಕಟ್ಟಿದರು.

1983ರಲ್ಲಿ ಪ್ರಧಾನಿ ಬಾಬ್ ಹಾಕ್ ಅವರ ಸರಕಾರವು ಈ ನೆಲವನ್ನು ಅನಂಗು ಜನರಿಗೆ ಮರಳಿಸುವುದಾಗಿ ಘೋಷಿಸಿತು. ಏರುವುದನ್ನು ನಿಲ್ಲಿಸುವ ಭರವಸೆಯೂ ಆ ಘೋಷಣೆಯಲ್ಲಿತ್ತು. 1985ರ ಅಕ್ಟೋಬರ್ 26ರಂದು ಗವರ್ನರ್ ಜನರಲ್ ನಿನಿಯನ್ ಸ್ಟೀಫನ್ ಅವರು ಹಕ್ಕುಪತ್ರವನ್ನು ಕೊಟ್ಟರು. ಅದರ ಬೆನ್ನಲ್ಲೇ ಆ ನೆಲವನ್ನು 99 ವರ್ಷಗಳ ಗುತ್ತಿಗೆಗೆ ಸರಕಾರದ ಉದ್ಯಾನ ಇಲಾಖೆಗೆ ಹಿಂದಕ್ಕೆ ಬರೆದುಕೊಡಬೇಕಾಯಿತು. ಏರುವ ದಾರಿಯೂ ತೆರೆದೇ ಉಳಿಯಿತು. ಕೈಯಲ್ಲಿ ಕೊಟ್ಟಂತೆ ಮಾಡಿ ಬೆರಳುಗಳ ಸಂದಿನಿಂದ ತೆಗೆದುಕೊಂಡ ಈ ವ್ಯವಹಾರವನ್ನು ಯಾವ ನೀತಿಯ ತಕ್ಕಡಿಯಲ್ಲಿಟ್ಟು ತೂಗಿದರೂ ಅದು ಹಗುರವಾಗಿಯೇ ತೋರುತ್ತದೆ.

ಅನಂಗು ಜನರು ಆಗ ಹಿಡಿದ ಮಾರ್ಗ ಗಮನಾರ್ಹವಾದುದು. ತಡೆಯುವ ಅಧಿಕಾರ ದೊರೆಯಲಿಲ್ಲವಾದುದರಿಂದ ಅವರು ಕೇಳಿಕೊಂಡರು. ದಾರಿಯ ಬುಡದಲ್ಲಿ ಹಲವು ಭಾಷೆಗಳಲ್ಲಿ ಫಲಕ ನಿಲ್ಲಿಸಿ, ತಾವು ಈ ಬಂಡೆಯನ್ನು ಏರುವುದಿಲ್ಲವೆಂದೂ ದಯವಿಟ್ಟು ನೀವೂ ಏರಬೇಡಿರೆಂದೂ ತಿಳಿಸಿದರು. ಇದಕ್ಕೆ ಅವರು ಕೊಟ್ಟ ಕಾರಣಗಳು ಎರಡು. ಆ ದಾರಿಗೆ ಪವಿತ್ರವಾದ ಅರ್ಥವಿದೆ ಎಂಬುದು ಮೊದಲನೆಯದು. ತಮ್ಮ ನೆಲಕ್ಕೆ ಬಂದ ಅತಿಥಿಯ ಕ್ಷೇಮ ತಮ್ಮ ಹೊಣೆ, ಅವನು ಬಿದ್ದು ಸತ್ತರೆ ಆ ಶೋಕ ತಮ್ಮದು ಎಂಬುದು ಎರಡನೆಯದು. ಅಲ್ಲಿ ಏರಹೋಗಿ ಪ್ರಾಣ ಕಳೆದುಕೊಂಡವರು 35ಕ್ಕೂ ಹೆಚ್ಚು ಮಂದಿ. ತನ್ನ ಮಾತನ್ನು ಮೀರಿದವನ ಸಾವಿಗೂ ಮರುಗುವ ಈ ಆತಿಥ್ಯಧರ್ಮದ ಮುಂದೆ, ಹಣ ಕೊಟ್ಟು ಬಂದಿದ್ದೇನೆಂದು ಏರಿದವನ ವಾದ ಬಹಳ ಸಣ್ಣದಾಗಿ ಕಾಣುತ್ತದೆ. ಏರುವವರ ಸಾಲನ್ನು ಕಂಡು ಅನಂಗು ಜನರು ಪ್ರವಾಸಿಗರನ್ನು ‘ಮಿಂಗ’, ಎಂದರೆ ಇರುವೆಗಳು, ಎಂದು ಕರೆದರು. ಅದರಲ್ಲಿ ಹಾಸ್ಯವಿದೆ.

ಏರುವುದನ್ನು ಸಮರ್ಥಿಸಿದವರ ವಾದಗಳನ್ನೂ ನ್ಯಾಯವಾಗಿ ಪರಿಶೀಲಿಸಬೇಕು. ಪ್ರಕೃತಿ ನಿರ್ಮಿಸಿದ ಬಂಡೆ ಎಲ್ಲ ಮನುಷ್ಯರಿಗೂ ಸೇರಿದ್ದೆಂಬುದು ಅವರ ಮೊದಲ ವಾದ. ಕೈಯಿಂದ ಕಟ್ಟಿದ ಗುಡಿಗೆ ಮಾತ್ರ ಮರ್ಯಾದೆ, ಕಟ್ಟದೆ ಪೂಜ್ಯವಾದ ನೆಲಕ್ಕೆ ಮರ್ಯಾದೆಯಿಲ್ಲ ಎಂದು ಇದರ ತಾತ್ಪರ್ಯವಾಗುತ್ತದೆ. ಇದು ಒಪ್ಪತಕ್ಕ ಮಾತಲ್ಲ. ಎಲ್ಲರಿಗೂ ಸೇರಿದ್ದೆಂದು ಒಪ್ಪಿದರೂ, ಹಾಗೆ ಸೇರಿದ್ದನ್ನು ಮನಬಂದಂತೆ ಬಳಸಬಹುದೆಂದು ಸಿದ್ಧವಾಗುವುದಿಲ್ಲ. ಹಿಂದೆ ಮಾಲಾ ಪುರುಷರೇ ಏರಿದ್ದರಲ್ಲ ಎಂಬುದು ಎರಡನೆಯ ವಾದ. ಹೌದು, ಏರಿದ್ದರು, ವಿಧಿಯ ಅಂಗವಾಗಿ, ಅಧಿಕಾರವುಳ್ಳವರಾಗಿ ಏರಿದ್ದರು. ಗರ್ಭಗೃಹದೊಳಗೆ ಅರ್ಚಕರು ಹೋಗುತ್ತಾರೆಂಬುದರಿಂದ ಎಲ್ಲರೂ ಹೋಗಬಹುದೆಂದು ಯಾರೂ ಹೇಳುವುದಿಲ್ಲ. ಮೂರನೆಯದು ಹಣದ ವಾದ: ಏರುವುದು ನಿಂತರೆ ಬರುವವರು ನಿಲ್ಲುತ್ತಾರೆ, ಪ್ರವೇಶ ಶುಲ್ಕದ ನಾಲ್ಕನೆಯ ಒಂದು ಪಾಲನ್ನು ಪಡೆಯುವ ಮೂಲನಿವಾಸಿಗಳಿಗೇ ನಷ್ಟ ಎಂದು. ಇದಕ್ಕೆ ಉತ್ತರ ಕೊಟ್ಟವರು ಸ್ವತಃ ಪ್ರವಾಸಿಗರು. 1990ರ ದಶಕದಲ್ಲಿ ಬಂದವರಲ್ಲಿ ನಾಲ್ಕನೆಯ ಮೂರು ಭಾಗದಷ್ಟು ಜನ ಬಂಡೆಯನ್ನು ಏರುತ್ತಿದ್ದರು; 2011ರಿಂದ 2015ರವರೆಗಿನ ಅವಧಿಯಲ್ಲಿ ಆ ಪ್ರಮಾಣ ಶೇಕಡ 16ರ ಸುಮಾರಿಗೆ ಇಳಿದಿತ್ತು. ಬಲವಂತವಿಲ್ಲದೆ, ಒಂದು ಫಲಕದ ಕೋರಿಕೆಯನ್ನು ಓದಿ, ಬಹುಸಂಖ್ಯಾತರು ಬುಡದಲ್ಲಿಯೇ ನಿಂತರು. ಪ್ರವಾಸದ ಇತಿಹಾಸದಲ್ಲಿ ಇದಕ್ಕಿಂತ ಹೆಚ್ಚು ಮೆಚ್ಚತಕ್ಕ ಸಂಗತಿ ನನ್ನ ಗಮನಕ್ಕೆ ಬಂದಿಲ್ಲ.

ಏರುವವರ ಪ್ರಮಾಣ ಶೇಕಡ 20ಕ್ಕಿಂತ ಕೆಳಗಿಳಿದರೆ ದಾರಿಯನ್ನು ಮುಚ್ಚಬಹುದೆಂದು ಉದ್ಯಾನದ 2010ರ ಯೋಜನೆ ಹೇಳಿತ್ತು. ಹನ್ನೆರಡು ಸದಸ್ಯರಲ್ಲಿ ಎಂಟು ಮಂದಿ ಅನಂಗು ಇರುವ ಆಡಳಿತ ಮಂಡಳಿಯು 2017ರ ನವೆಂಬರ್ 1ರಂದು ಒಮ್ಮತದಿಂದ ಆ ತೀರ್ಮಾನವನ್ನು ಕೈಗೊಂಡಿತು. ಹಸ್ತಾಂತರದ 34ನೆಯ ವಾರ್ಷಿಕ ದಿನವಾದ 2019ರ ಅಕ್ಟೋಬರ್ 26ರಿಂದ ಏರುವುದು ಶಾಶ್ವತವಾಗಿ ನಿಷಿದ್ಧವಾಯಿತು. ಆದರೆ ಈ ಎರಡು ವರ್ಷಗಳ ನಡುವೆ ನಡೆದುದು ಮನುಷ್ಯಸ್ವಭಾವವನ್ನು ಕುರಿತು ಬಹಳಷ್ಟನ್ನು ಹೇಳುತ್ತದೆ. ಇಳಿಯುತ್ತಾ ಬಂದಿದ್ದ ಏರುವವರ ಸಂಖ್ಯೆ ಮತ್ತೆ ಉಕ್ಕಿತು. ಮುಚ್ಚುವ ಮುನ್ನ ಒಮ್ಮೆ ಏರಬೇಕೆಂದು ಜನ ಮುಗಿಬಿದ್ದರು. ವಸತಿ ಸಿಗದೆ ದಾರಿಬದಿಯಲ್ಲಿ ಬಿಡಾರ ಹೂಡಿದವರು ತ್ಯಾಜ್ಯವನ್ನು ಅಲ್ಲಲ್ಲೇ ಚೆಲ್ಲಿದುದು ಸುದ್ದಿಯಾಯಿತು. ಕೊನೆಯ ದಿನ ಬೆಳಗ್ಗೆ ಗಾಳಿಯ ರಭಸದಿಂದ ದಾರಿ ತೆರೆಯುವುದು ತಡವಾದರೂ ನೂರಾರು ಮಂದಿ ಸಾಲಿನಲ್ಲಿ ಕಾದು ನಿಂತಿದ್ದರು. ಬಂಡೆಯ ಮೇಲಿನ ಆಸೆ ಹಿಂದಿಗಿಂತ ಹೆಚ್ಚಲು ಬಂಡೆಯಲ್ಲಿ ಹೊಸದೇನೂ ಹುಟ್ಟಿರಲಿಲ್ಲ. ನಾಳೆ ಸಿಗದೆಂಬುದೊಂದೇ ಆ ಆಸೆಗೆ ಕಾರಣ. ಕೋರಿಕೆಯನ್ನು ಕೇಳಿಯೂ ಅದು ಆಜ್ಞೆಯಾಗುವ ಮುನ್ನ ಮೀರಿಬಿಡೋಣ ಎಂದವನು ಕಾನೂನಿನ ಪ್ರಕಾರ ತಪ್ಪು ಮಾಡಲಿಲ್ಲ. ನೀತಿಯ ಪ್ರಕಾರ ಅವನ ನಡತೆ ಏನೆಂಬುದನ್ನು ಓದುಗರೇ ನಿರ್ಣಯಿಸಬಹುದು.

ದಾರಿ ಮುಚ್ಚಿ ಸರಪಳಿಯನ್ನು ಕಿತ್ತ ಮಾತ್ರಕ್ಕೆ ವಿಷಯ ಮುಗಿದಂತಾಗಲಿಲ್ಲ. ಕಾಲಿಗೆ ಹಾಕಿದ ತಡೆ ಕಣ್ಣಿಗೆ ಹಾಕಿದ್ದಲ್ಲ. ಬಂಡೆಯ ಸುತ್ತ ನಡೆಯುವ ದಾರಿಯಲ್ಲಿ ಕೆಲವು ಭಾಗಗಳ ಛಾಯಾಚಿತ್ರ ತೆಗೆಯಬಾರದೆಂಬ ಫಲಕಗಳಿವೆ. ಆ ಭಾಗಗಳಲ್ಲಿ ಕೆಲವು ಸ್ತ್ರೀಯರಿಗೆ, ಕೆಲವು ಪುರುಷರಿಗೆ ಮಾತ್ರ ಮೀಸಲಾದ ಜ್ಞಾನಕ್ಕೆ ಸಂಬಂಧಿಸಿದವು. ಅವನ್ನು ಆ ಸ್ಥಳದಲ್ಲಿಯೇ, ಅರ್ಹರಾದವರೇ ನೋಡಬೇಕು, ಚಿತ್ರವಾಗಿ ಊರೂರು ಸುತ್ತಬಾರದು ಎಂಬುದು ಅನಂಗು ಕಟ್ಟಳೆ. 2020ರಲ್ಲಿ ಉದ್ಯಾನದ ಆಡಳಿತದ ಕೋರಿಕೆಯ ಮೇರೆಗೆ ಗೂಗಲ್ ಸಂಸ್ಥೆಯು ಬಂಡೆಯ ನೆತ್ತಿಯ ಮೇಲಿಂದ ತೆಗೆದಿದ್ದ ಚಿತ್ರಗಳನ್ನು ತನ್ನ ನಕ್ಷೆಯಿಂದ ತೆಗೆದುಹಾಕಿತು. ಆದರೆ ಪ್ರತಿಯೊಬ್ಬ ಪ್ರವಾಸಿಯ ಕೈಯಲ್ಲಿರುವ ಫೋನಿನ ಮೇಲೆ ಕಾವಲಿಡುವುದು ಸಾಧ್ಯವಿಲ್ಲ. ಒಂದು ಕಾಲಕ್ಕೆ ಏರುವ ದಾರಿಯ ಬುಡದಲ್ಲಿ ನಡೆಯುತ್ತಿದ್ದ ಪರೀಕ್ಷೆ ಈಗ ಇಲ್ಲಿ ನಡೆಯುತ್ತಿದೆ.

ಇದಕ್ಕಿಂತ ಸೂಕ್ಷ್ಮವಾದುದು ತಿಳಿಯುವ ಆಸೆ. ಅನಂಗು ಸಮಾಜದಲ್ಲಿ ಜ್ಞಾನವನ್ನು ವಯಸ್ಸು, ಲಿಂಗ, ಅರ್ಹತೆಗಳನ್ನು ನೋಡಿ ಹಂತಹಂತವಾಗಿ ಕೊಡುತ್ತಾರೆ. ಹೊರಗಿನವರಿಗೆ ಹೇಳುವುದು ಅವರ ಚಿಕ್ಕ ಮಕ್ಕಳಿಗೆ ಹೇಳುವಷ್ಟನ್ನು ಮಾತ್ರ. ಹಣ ಕೊಟ್ಟು ದೂರದಿಂದ ಬಂದ ವಿದ್ಯಾವಂತನಿಗೆ ಇದು ಅವಮಾನವೆನಿಸಬಹುದು. ಇನ್ನೂ ಏನಿದೆ, ಇದರ ಗುಟ್ಟೇನು ಎಂದು ಮಾರ್ಗದರ್ಶಿಯನ್ನು ಪೀಡಿಸುವವರೂ ಇರುತ್ತಾರೆ. ಜ್ಞಾನದ ಹಸಿವನ್ನು ನಾವು ಸಾಮಾನ್ಯವಾಗಿ ಗುಣವೆಂದೇ ಎಣಿಸುತ್ತೇವೆ. ಕೊಡಲು ಇಷ್ಟವಿಲ್ಲದವನಿಂದ ಕಿತ್ತುಕೊಳ್ಳುವ ಜ್ಞಾನವು ಬೇರೆ ಯಾವ ವಸ್ತುವನ್ನು ಕಿತ್ತುಕೊಂಡುದಕ್ಕಿಂತ ಹೇಗೆ ಭಿನ್ನ ಎಂದು ಕೇಳಿಕೊಂಡರೆ ಆ ಎಣಿಕೆಗೆ ಒಂದು ಮೇರೆ ಇರಬೇಕೆಂದು ತೋರುತ್ತದೆ.

ಉದ್ಯಮವನ್ನೂ ವಿಮರ್ಶಿಸದೆ ಬಿಡಲಾಗದು. ಸೂರ್ಯಾಸ್ತದ ಹೊತ್ತಿಗೆ ಬಸ್ಸುಗಳನ್ನು ಸಾಲಾಗಿ ನಿಲ್ಲಿಸಿ, ಮದ್ಯದ ಲೋಟ ಕೈಗಿತ್ತು, ಬಂಡೆಯ ಬಣ್ಣ ಬದಲಾಗುವುದನ್ನು ತೋರಿಸುವ ಪ್ರವಾಸಗಳಿವೆ. ಕಾನೂನಿಗೆ ವಿರುದ್ಧವಾದುದು ಇದರಲ್ಲಿ ಏನೂ ಇಲ್ಲ. ಪೂಜ್ಯವಾದುದೂ ಏನೂ ಉಳಿದಿಲ್ಲ. ಇದರೊಡನೆ 2023ರಲ್ಲಿ ಆರಂಭವಾದ ‘ವಿಂಟ್ಜಿರಿ ವಿರು’ ಎಂಬ ರಾತ್ರಿಯ ಪ್ರದರ್ಶನವನ್ನು ಹೋಲಿಸಬಹುದು. ಸಾವಿರಕ್ಕೂ ಹೆಚ್ಚು ಡ್ರೋನ್‌ಗಳು ಆಕಾಶದಲ್ಲಿ ಬೆಳಕಿನಿಂದ ಮಾಲಾ ಕಥೆಯ ಒಂದು ಭಾಗವನ್ನು ಬಿಡಿಸುತ್ತವೆ. ಮರುಭೂಮಿಯ ಇರುಳಿಗೆ ಇಷ್ಟು ಯಂತ್ರ ಬೇಕಿತ್ತೆ ಎಂದು ನಮಗೆ ಅನ್ನಿಸಬಹುದು. ಆದರೆ ಕಥೆಯ ಯಾವ ಭಾಗವನ್ನು ತೋರಿಸಬೇಕು, ಯಾವುದನ್ನು ತೋರಿಸಬಾರದು ಎಂಬುದನ್ನು ಅನಂಗು ಹಿರಿಯರೊಡನೆ ಸಮಾಲೋಚಿಸಿಯೇ ಅದನ್ನು ರೂಪಿಸಲಾಗಿದೆ. ರುಚಿಯ ದೃಷ್ಟಿಯಿಂದ ಮೊದಲನೆಯದು ಸರಳ, ಎರಡನೆಯದು ಆಡಂಬರದ್ದು. ಔಚಿತ್ಯದ ದೃಷ್ಟಿಯಿಂದ ಎರಡನೆಯದೇ ಮೇಲು. ಒಡೆಯರ ಸಮ್ಮತಿಯನ್ನು ನಮ್ಮ ಅಭಿರುಚಿಗಿಂತ ದೊಡ್ಡದೆಂದು ಭಾವಿಸುವುದೇ ಇಲ್ಲಿ ವಿವೇಕ.

ಉದ್ಯಾನದ ಕಚೇರಿಗೆ ಅಂಚೆಯಲ್ಲಿ ಬರುವ ಕಲ್ಲುಗಳ ಸಂಗತಿಯನ್ನೂ ಹೇಳಬೇಕು. ನೆನಪಿಗೆಂದು ಉಲುರುವಿನಿಂದ ಕಲ್ಲನ್ನೋ ಹಿಡಿ ಮಣ್ಣನ್ನೋ ಎತ್ತಿಕೊಂಡು ಹೋದವರು ವರ್ಷಗಳ ನಂತರ ಅದನ್ನು ಕ್ಷಮೆಯ ಪತ್ರದೊಡನೆ ಹಿಂದಿರುಗಿಸುತ್ತಾರೆ. ಹೀಗೆ ಬಂದವನ್ನು ಅಲ್ಲಿಯವರು ಕ್ಷಮೆಯ ಕಲ್ಲುಗಳೆಂದೇ ಕರೆಯುತ್ತಾರೆ. ಕೆಲವರು ಮನೆಯಲ್ಲಿ ಒದಗಿದ ಕಷ್ಟಗಳಿಗೆ ಆ ಕಲ್ಲೇ ಕಾರಣವೆಂದು ಬರೆದರೆ, ಕೆಲವರು ತೆಗೆದುದು ಸರಿಯಲ್ಲವೆಂದಷ್ಟೇ ಬರೆಯುತ್ತಾರೆ. ಭಯದಿಂದ ಹಿಂದಿರುಗಿಸಿದ ಕಲ್ಲಿಗಿಂತ ವಿವೇಕದಿಂದ ಹಿಂದಿರುಗಿಸಿದ ಕಲ್ಲು ಶ್ರೇಷ್ಠವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಎತ್ತಿದ ಜಾಗ ಯಾವುದೆಂದು ತಿಳಿಯದ ಕಾರಣ ಅವನ್ನು ಸ್ವಸ್ಥಾನಕ್ಕೆ ಸೇರಿಸುವುದು ಸುಲಭವಲ್ಲ. ಒಂದು ಕ್ಷಣದಲ್ಲಿ ಜೇಬಿಗಿಳಿಸಿದುದನ್ನು ಮರಳಿಸುವ ಕೆಲಸ ಬೇರೆಯವರ ತಲೆಯ ಮೇಲೆ ಬೀಳುತ್ತದೆ.

ಹಾಗಾದರೆ ಅಲ್ಲಿಗೆ ಹೋಗಲೇಬಾರದೆ? ಹೋಗಬಾರದೆಂದು ಅನಂಗು ಜನರೇ ಹೇಳಿಲ್ಲ. ಬನ್ನಿ, ನಡೆಯಿರಿ, ಕೇಳಿರಿ, ಕಲಿಯಿರಿ ಎಂದೇ ಹೇಳುತ್ತಾರೆ. ಬಂಡೆಯ ಸುತ್ತ ಸುಮಾರು ಹತ್ತೂವರೆ ಕಿಲೋಮೀಟರ್ ನಡಿಗೆಯ ದಾರಿಯಿದೆ; ಬೇಸಗೆಯ ತಿಂಗಳುಗಳಲ್ಲಿ ಹನ್ನೊಂದು ಗಂಟೆಯೊಳಗೆ ಅದನ್ನು ಮುಗಿಸಬೇಕು. ಮುಟಿಟ್ಜುಲು ನೀರಿನ ಹೊಂಡದ ಬಳಿ ಕುಳಿತು ಹೆಬ್ಬಾವಿನ ಹೆಣ್ಣು ಕುನಿಯಾ ಮತ್ತು ವಿಷಸರ್ಪ ಲಿರು ಇವರ ಕಥೆಯನ್ನು ಕೇಳಬಹುದು. ಕುಶಲವಸ್ತುಗಳನ್ನು ಕೊಳ್ಳುವುದಾದರೆ ಅನಂಗು ಜನರದೇ ಒಡೆತನದ ಮಾರುಕು ಕಲಾಸಂಸ್ಥೆಯಲ್ಲಿ ಕೊಂಡರೆ ಹಣ ಸಲ್ಲಬೇಕಾದವರಿಗೆ ಸಲ್ಲುತ್ತದೆ. ಆ ಸೀಮೆಯಿಂದ ಅಳಿದೇಹೋಗಿದ್ದ ಮಾಲಾ ಪ್ರಾಣಿಗಳನ್ನು 2005ರಲ್ಲಿ ತಂದು, ಬೇಲಿ ಕಟ್ಟಿ, ಮತ್ತೆ ಬೆಳೆಸುತ್ತಿದ್ದಾರೆ. ಪ್ರವಾಸಿಯ ಕಣ್ಣಿಗೆ ಅವು ಬೀಳುವುದಿಲ್ಲ. ಅವನು ಕೊಟ್ಟ ಶುಲ್ಕದ ಒಂದಂಶ ಇಂಥ ರಕ್ಷಣೆಗೂ ಒದಗುತ್ತದೆ.

ಪೂಜ್ಯಸ್ಥಳಗಳ ಆಡಳಿತದ ಹೊಣೆ ಹೊತ್ತವರಿಗೆ ಉಲುರುವಿನ ಈ ವೃತ್ತಾಂತದಿಂದ ಯೋಚಿಸತಕ್ಕದ್ದು ಒಂದಿದೆ. ಫಲಕದಲ್ಲಿ ನಿಷೇಧವನ್ನು ಮಾತ್ರ ಬರೆಯದೆ ಅದರ ಕಾರಣವನ್ನೂ ಬರೆದಾಗ, ಬಂದವರಲ್ಲಿ ಬಹುಮಂದಿ ಅದನ್ನು ಮನ್ನಿಸುತ್ತಾರೆ. ಸಂದರ್ಶಕರಾದ ನಮಗೂ ಒಂದು ಮಾತಿದೆ. ಬೇರೆಯವರ ಪವಿತ್ರಸ್ಥಳಕ್ಕೆ ಹೋಗುವಾಗ ಅಲ್ಲಿ ಏನೇನು ಮಾಡಲು ಅವಕಾಶವಿದೆ ಎಂದು ವಿಚಾರಿಸುವ ಮುನ್ನ, ಆ ಸ್ಥಳದವರು ನಮ್ಮಿಂದ ಏನನ್ನು ಕೋರಿದ್ದಾರೆಂದು ವಿಚಾರಿಸುವುದು ಲೇಸು. ಇಲ್ಲಿಂದ ಹೊರಡುವ ಮೊದಲೇ ಮನೆಯವರೆಲ್ಲ ಕುಳಿತು ಆ ಕೋರಿಕೆಯನ್ನು ಓದಿಕೊಳ್ಳಬಹುದು, ಮಕ್ಕಳಿಗೂ ವಿವರಿಸಬಹುದು.