ಹತ್ತು ಜನರಿಗೆ ಕೊಡುವ ಆದೇಶ

ಯುದ್ಧವೆಂದರೆ ದಂಡನಾಯಕರ ಹೆಸರೇ ಬಾಯಿಗೆ ಬರುತ್ತದೆ. ನನಗೆ ಹೆಚ್ಚು ಗೌರವವಿರುವುದು ಹತ್ತು ಜನರ ಸೆಕ್ಷನ್ ನಡೆಸುವ ಹವಾಲ್ದಾರನ ಕಸುಬಿನ ಮೇಲೆ. ಹೊರಡುವ ಮುಂಚೆ ಆತ ಮರಳು ಹರಡಿ, ಗುಡ್ಡ, ಹಳ್ಳ, ದಾರಿಗಳನ್ನು ಕಲ್ಲು, ಕಡ್ಡಿ, ದಾರಗಳಿಂದ ಮಾಡಿ ತೋರಿಸುತ್ತಾನೆ. ಮಾತಿಗೂ ಒಂದು ಕ್ರಮವಿದೆ: ಶತ್ರು ಎಲ್ಲಿ, ನಮ್ಮವರೆಲ್ಲಿ, ಸಾಧಿಸಬೇಕಾದ್ದೇನು, ಹೇಗೆ, ಮದ್ದುಗುಂಡು, ನೀರು, ಗಾಯಾಳುಗಳ ವ್ಯವಸ್ಥೆ, ಕೊನೆಗೆ ಸಂಕೇತಗಳು, ತಾನು ಬಿದ್ದರೆ ಮುಂದಾಳು ಯಾರೆಂಬುದು. ತನ್ನ ಸಾವನ್ನೂ ಯೋಜನೆಯ ಒಂದು ಸಾಲಾಗಿ ಹೇಳಿಬಿಡುವ ಆ ಗಟ್ಟಿತನ ಸಣ್ಣದಲ್ಲ. ಆಮೇಲೆ ಪ್ರಶ್ನೆಗಳು, ಗಡಿಯಾರ ಹೊಂದಿಸುವುದು.

ಗುಂಡು ಹಾರಿದ ಮೇಲೆ ಯಾವ ಯೋಜನೆಯೂ ಉಳಿಯುವುದಿಲ್ಲ, ಇಷ್ಟೆಲ್ಲ ಯಾಕೆ ಎನ್ನುವವರಿದ್ದಾರೆ. ಯೋಜನೆ ಕೆಡುವುದು ನಿಜ. ಉದ್ದೇಶ ಗೊತ್ತಿದ್ದವನು ಮಾತ್ರ ಕಂಗೆಡುವುದಿಲ್ಲ. ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನೇ ನೋಡಿ. ಬಂಡೆಗಳ ನಡುವೆ ಬಳಸುವ ದಾರಿಯಲ್ಲಿ ಒಂದು ಕಾವಲಿಗೆ ಇನ್ನೊಂದು ಕಾಣದು. ಪ್ರತಿ ಸಲವೂ ಪಾಳೆಯಗಾರನ ಅಪ್ಪಣೆಗೆ ಕಾಯುವಂತಿರಲಿಲ್ಲ. ಜನ ಹೇಳುವ ಕಥೆಯಲ್ಲಿ, ಕಾವಲುಗಾರ ಊಟಕ್ಕೆ ಕೂತಾಗ ನೀರು ತರಲು ಹೋದ ಅವನ ಹೆಂಡತಿ ಓಬವ್ವ, ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳುವುದನ್ನು ಕಂಡು ಒನಕೆ ಹಿಡಿದಳು. ಯಾರೂ ಆಕೆಗೆ ಆದೇಶ ಕೊಟ್ಟಿರಲಿಲ್ಲ. ಹಾಗಾದರೆ ಆದೇಶವೇ ಬೇಡವೇ? ಕಾವಲಿನವನ ಮನೆಯಲ್ಲಿ ಬದುಕಿದವಳಿಗೆ ಆ ಕಿಂಡಿಯ ಬೆಲೆ ತಿಳಿದಿತ್ತು. ಬೇರೆ ಬೇರೆ ಊರುಗಳಿಂದ ಬಂದ ಹತ್ತು ಜನರಿಗೆ ಅದೇ ತಿಳಿವಳಿಕೆಯನ್ನು ಅರ್ಧ ಗಂಟೆಯಲ್ಲಿ ಕೊಡಬೇಕಾದವನು ಹವಾಲ್ದಾರ. 1779ರಲ್ಲಿ ದುರ್ಗ ಹೈದರನ ವಶವಾಯಿತು, ನಿಜ. ಅದು ಆ ಕಿಂಡಿಯಲ್ಲಿ ಸೋತ ಯುದ್ಧವಲ್ಲ.